ತೂಕ ಕಳೆದುಕೊಳ್ಳದ ಪೆಟ್ಟಿಗೆ

ನಾದಿನಿಯ ಪೆಟ್ಟಿಗೆಯನ್ನು ನಾನು ವಾಪಸ್ ಕಳಿಸಿದ ದಿನ ಸಂಜೆ ಮನೆಯಲ್ಲಿ ಯಾರೂ ಟಿ.ವಿ. ಹಾಕಲಿಲ್ಲ. ಅವಳು ಊಟ ಮಾಡಿದ ತಟ್ಟೆಯನ್ನು ತಾನೇ ತೊಳೆದಿಟ್ಟು, ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಬಿಚ್ಚುತ್ತಾ, ಗೋಡೆಗೆ ಹೇಳುವವಳ ಹಾಗೆ ಹೇಳಿದಳು.

"ನಾನೂರು ಗ್ರಾಂ. ಬರೀ ನಾನೂರು ಗ್ರಾಂ ಕಮ್ಮಿ ಬಂತು ಅಂತ ಕಳ್ಸಿಬಿಟ್ರು. ಬೇರೆ ಯಾರದ್ದೋ ಆಗಿದ್ರೆ ಕಳಿಸ್ತಿದ್ರಾ ಅಂತ."

ಗಂಡ ನನ್ನ ಮುಖ ನೋಡಿದ. ನಾನು ಮಗನ ಲೆಕ್ಕದ ಪುಸ್ತಕದೊಳಗೆ ಮುಖ ಹಾಕಿದೆ.

ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೇ. ಉತ್ತರ ಗೊತ್ತಿದ್ದುದರಿಂದಲೇ ಸುಮ್ಮನಿದ್ದೆ.

ನನ್ನ ಕೆಲಸ ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ. 'ಅಪಾಯಕಾರಿ ವಸ್ತುಗಳು' ಎಂದು ಬೋರ್ಡು ತೂಗುಹಾಕಿರುವ ಕೌಂಟರು ನನ್ನದು. ಬಣ್ಣ, ಬ್ಯಾಟರಿ, ಆಸಿಡ್, ಸೆಂಟು, ಪ್ರಯೋಗಶಾಲೆಯ ಬಾಟಲಿ, ಹೀಗೆ ಹೊತ್ತಿಕೊಳ್ಳುವ, ಸಿಡಿಯುವ, ಕೊರೆಯುವ ಸಾಮಾನೆಲ್ಲ ಹಾರುವ ಮುಂಚೆ ನನ್ನ ಮೇಜಿನ ಮೇಲೆ ಕೂತು ಎದ್ದುಹೋಗಬೇಕು. ಕಾಗದದಲ್ಲಿರುವುದು ಪೆಟ್ಟಿಗೆಯ ಮೈಮೇಲೂ ಇರಬೇಕು. ಚೀಟಿ ಒಂದೇ ಮುಖದ ಮೇಲಿರಬೇಕು, ಅಂಚು ದಾಟಿ ಮಡಚಿಕೊಳ್ಳಬಾರದು. ಚೆಕ್‌ಲಿಸ್ಟಿನ ಅಷ್ಟೂ ಸಾಲುಗಳಲ್ಲಿ ಒಂದೇ ಒಂದು 'ಇಲ್ಲ' ಬಿದ್ದರೂ ಪೆಟ್ಟಿಗೆ ಬಂದ ದಾರಿ ಹಿಡಿಯಬೇಕು. ತಪ್ಪನ್ನು ನಾನು ತಿದ್ದುವ ಹಾಗಿಲ್ಲ. ಪೆನ್ನು ನನ್ನ ಕೈಯಲ್ಲಿದ್ದರೂ ತಿದ್ದಬೇಕಾದವರು ಕಳಿಸುವವರೇ. ಹದಿನಾಲ್ಕು ವರ್ಷ ಹೀಗೆ ಬದುಕಿದ ಮೇಲೆ ಮನೆಯವರನ್ನೂ ಅದೇ ಕಣ್ಣಲ್ಲಿ ನೋಡುವುದು ರೂಢಿಯಾಗಿಬಿಟ್ಟಿದೆ. ಮಗ ಹೋಮ್‌ವರ್ಕ್ ಮುಗಿಯಿತು ಅಂದರೆ, ಹೌದಾ ಎಂದು ನಾನು ಕೇಳುವುದಿಲ್ಲ. ಪುಸ್ತಕ ತಾ ಅನ್ನುತ್ತೇನೆ.

ನಾದಿನಿ ಗಂಡನ ಮನೆ ಬಿಟ್ಟು, ಆರನೇ ಕ್ಲಾಸಿನ ಮಗಳು ಮತ್ತು ಎರಡು ಸೂಟ್‌ಕೇಸುಗಳ ಸಮೇತ ನಮ್ಮಲ್ಲಿಗೆ ಬಂದು ಎಂಟು ತಿಂಗಳಾಗಿತ್ತು. ಮನೆಯಲ್ಲಿರುವುದು ಎರಡೇ ಕೋಣೆ. ಹಾಲಿನಲ್ಲಿ ಹಾಸಿಗೆ ಹಾಸಿದರೆ ಬಾಗಿಲು ಪೂರ್ತಿ ತೆಗೆಯಲಾಗುತ್ತಿರಲಿಲ್ಲ. ಅವಳಿಗೆ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ರೋಗಿಗಳ ರಕ್ತದ ಮಾದರಿಗಳನ್ನು ಡ್ರೈ ಐಸಿನಲ್ಲಿಟ್ಟು ದೂರದ ದೊಡ್ಡ ಲ್ಯಾಬಿಗೆ ವಿಮಾನದಲ್ಲಿ ಕಳಿಸಬೇಕು. ಆ ಪೆಟ್ಟಿಗೆ ಕಟ್ಟುವ ಕೆಲಸ. ಮೂರು ತಿಂಗಳು ಪರೀಕ್ಷೆಯ ಅವಧಿ. ಕಾಯಂ ಆದರೆ ಲ್ಯಾಬಿನ ಮೇಲಿನ ಕೋಣೆ ತಾಯಿ ಮಗಳಿಗೆ. ಲ್ಯಾಬಿನ ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರಂತೆ: "ನೋಡಮ್ಮ, ಇದು ಜನರ ರಕ್ತ. ಎರಡು ಸಲ ಪೆಟ್ಟಿಗೆ ವಾಪಸ್ ಬಂತು ಅಂದ್ರೆ ಮೂರನೇ ಸಲ ಕಟ್ಟೋಕೆ ನೀನಿರಲ್ಲ."

ಆ ಕೋಣೆ ಅವಳಿಗೆ ಸಿಗಲಿ ಎಂದು ಅವಳಷ್ಟೇ ಆಸೆ ನನಗೂ ಇತ್ತು. ಕಾರಣ ಬೇರೆ ಬೇರೆ, ಅಷ್ಟೆ.

ಮೊದಲ ಪೆಟ್ಟಿಗೆ ಬಂದ ಬೆಳಿಗ್ಗೆ ನಮ್ಮ ಮೇಲ್ವಿಚಾರಕರು ನನ್ನ ಮೇಜಿನ ಬಳಿ ಬಂದು ನಿಂತಿದ್ದರು. ಮಾತಿಗೆ ಮುಂಚೆ ಕೈಗಡಿಯಾರ ನೋಡುವ ಅಭ್ಯಾಸದಿಂದ ಶೆಡ್ಡಿನಲ್ಲಿ ಅವರಿಗೆ 'ಗಡಿಯಾರ' ಎಂದೇ ಹೆಸರು. "ಆ ಲ್ಯಾಬಲ್ಲಿ ನಿಮ್ಮವರು ಯಾರೋ ಇದ್ದಾರಂತೆ," ಅಂದರು.

"ನಾದಿನಿ ಸರ್."

"ಇರ್ಲಿ ಇರ್ಲಿ. ಈ ಶಿಫ್ಟಲ್ಲಿ ಲೈಸೆನ್ಸ್ ಇರೋದು ನಿಮಗೊಬ್ಬರಿಗೇ, ನೀವೇ ನೋಡ್ಬೇಕು. ಆದ್ರೆ ಎಲ್ಲರೂ ನೋಡ್ತಿರ್ತಾರೆ, ಅಷ್ಟು ನೆನಪಿರ್ಲಿ."

ಎಲ್ಲರೂ ಅಂದರೆ ಯಾರು ಎಂದು ನಾನು ಕೇಳಲಿಲ್ಲ. ಆ ಕ್ಷಣದಿಂದ ಫೋರ್ಕ್‌ಲಿಫ್ಟ್ ಓಡಿಸುವವನು ಕೆಮ್ಮಿದರೂ ನನ್ನ ಮೇಲೆ ಕೆಮ್ಮಿದ ಹಾಗೆ ಕೇಳಿಸತೊಡಗಿತು.

ಡ್ರೈ ಐಸ್ ಕರಗಿ ನೀರಾಗುವುದಿಲ್ಲ, ನೇರವಾಗಿ ಗಾಳಿಯಾಗಿಬಿಡುತ್ತದೆ. ಬೆಳಿಗ್ಗೆ ಕಟ್ಟಿದ ಪೆಟ್ಟಿಗೆ ಮಧ್ಯಾಹ್ನಕ್ಕೆ ಒಂದಿಷ್ಟು ತೂಕ ಕಳೆದುಕೊಂಡೇ ಕಳೆದುಕೊಳ್ಳುತ್ತದೆ. ಅದು ಅದರ ಗುಣ. ಬೇರೆ ಯಾರ ಪೆಟ್ಟಿಗೆಯಾದರೂ ಅಷ್ಟು ವ್ಯತ್ಯಾಸ ಬಂದಾಗ ಸರಕಿನ ಜೊತೆ ಹೋಗುವ ಏರ್‌ವೇ ಬಿಲ್ಲೆಂಬ ಕಾಗದದಲ್ಲಿ ಒಟ್ಟು ತೂಕ ತಿದ್ದಿಸಿ, ಪಕ್ಕದಲ್ಲಿ ಸಹಿ ಹಾಕಿಸಿಕೊಂಡು ಒಳಗೆ ಬಿಡುತ್ತೇವೆ. ಅವಳದ್ದನ್ನು ಬಿಡಲಿಲ್ಲ. ಕಾಗದದಲ್ಲಿ ಹನ್ನೊಂದು ಕಿಲೋ ನಾನೂರು ಗ್ರಾಂ, ತಕ್ಕಡಿಯಲ್ಲಿ ಹನ್ನೊಂದು. ಚೆಕ್‌ಲಿಸ್ಟಿನಲ್ಲಿ ಇದಕ್ಕೆಂದು ಸಾಲೇ ಇಲ್ಲದಿದ್ದರಿಂದ ಕೆಳಗೆ 'ಇತರೆ' ಎಂಬಲ್ಲಿ 'ತೂಕ ಹೊಂದುವುದಿಲ್ಲ' ಎಂದು ಬರೆದು ಸಹಿ ಹಾಕಿದೆ. ಬರೆಯುವಾಗ ಗಡಿಯಾರ ಎಲ್ಲಿದ್ದಾರೆಂದು ಓರೆಗಣ್ಣಿನಲ್ಲಿ ನೋಡಿದ್ದೂ ಉಂಟು.

ಅದಾದ ಮೇಲೆ ಮನೆಯಲ್ಲಿ ಒಂದೊಂದೇ ವಿಚಿತ್ರ ಶುರುವಾಯಿತು.

ಮೊದಲು ಅಡುಗೆಮನೆಯ ತಕ್ಕಡಿ ಕಾಣೆಯಾಯಿತು. ಹಿಟ್ಟು ತೂಗಲು ಹುಡುಕಿದರೆ ಇಲ್ಲ. ಎರಡು ದಿನ ಬಿಟ್ಟು ನಾದಿನಿಯ ಕೈಚೀಲದ ಬಾಯಿಂದ ಅದರ ಬಿಳಿ ಅಂಚು ಇಣುಕುತ್ತಿತ್ತು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಾರನೇ ದಿನ ತಕ್ಕಡಿ ತನ್ನ ಜಾಗದಲ್ಲಿ ಏನೂ ಗೊತ್ತಿಲ್ಲದ ಹಾಗೆ ಕೂತಿತ್ತು. ಆಮೇಲೆ ನನ್ನ ಸ್ಟೀಲ್ ಡಬ್ಬಿ. ಬಿಗಿ ಮುಚ್ಚಳದ, ಒಳ್ಳೇ ಡಬ್ಬಿ. ಮುಚ್ಚಳ ಮಧ್ಯಕ್ಕೆ ಉಬ್ಬಿ, ಎಷ್ಟು ಅದುಮಿದರೂ ಕೂರುತ್ತಿರಲಿಲ್ಲ. ಮಕ್ಕಳನ್ನು ಕೇಳಿದರೆ ಇಬ್ಬರೂ ಒಂದೇ ಬಾಯಲ್ಲಿ "ನಾನಲ್ಲ" ಅಂದರು.

ಶನಿವಾರ ಮಧ್ಯಾಹ್ನ ಅವಳು ಬಾಲ್ಕನಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ಬಟ್ಟೆ ಒಣಗಿಸಲು ಹೋದವಳು ಬಾಗಿಲ ಹಿಂದೆಯೇ ನಿಂತೆ. ನಿಂತು ಕೇಳಿದೆ ಎಂದು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಕೇಳಿದೆ.

"ಅದು ತೆಳು ಆಯ್ತು, ಇನ್ನೂ ದಪ್ಪದ್ದು ಬೇಕು... ಹೂಂ, ಸೋಮವಾರದ ಒಳಗೆ... ಇಲ್ಲ ಇಲ್ಲ, ಅತ್ತಿಗೆ ಕಣ್ಣಿಗೆ ಬಿದ್ರೆ ಮುಗೀತು ನನ್ನ ಕಥೆ."

ಒದ್ದೆ ಬಟ್ಟೆಯ ಬಕೆಟ್ಟು ಹಿಡಿದುಕೊಂಡು ಅಡುಗೆಮನೆಗೆ ವಾಪಸ್ ಬಂದೆ. ನಮ್ಮ ತರಬೇತಿಯಲ್ಲಿ ಮೊದಲು ಕಲಿಸುವುದೇ ಇದನ್ನು: ಬಚ್ಚಿಟ್ಟು ಕಳಿಸುವವರು ಯಾವಾಗಲೂ ಅಪರಿಚಿತರಾಗಿರುವುದಿಲ್ಲ. ನಂಬಿಕೆಯ ಗಿರಾಕಿಯ ಪೆಟ್ಟಿಗೆಯೊಳಗೆ ಇನ್ಯಾರದ್ದೋ ಸಾಮಾನು ಸೇರಿಕೊಂಡು ಬರುತ್ತದೆ. ಲ್ಯಾಬಿನ ಪೆಟ್ಟಿಗೆ, ರಕ್ತದ ಮಾದರಿ, ಬೇಗ ಹೋಗಲಿ ಎಂದು ಎಲ್ಲರೂ ದಾರಿ ಬಿಡುವಂಥದ್ದು. ಅಂಥ ಪೆಟ್ಟಿಗೆಯೊಳಗೆ ಏನಾದರೂ ಇಟ್ಟು ಕಳಿಸಬೇಕೆಂದಿರುವವರಿಗೆ, ಗಂಡನ ಮನೆ ಬಿಟ್ಟುಬಂದ, ಒಂದು ಕೋಣೆಗಾಗಿ ಬಾಯಿಬಿಡುತ್ತಿರುವ ಹೆಂಗಸಿಗಿಂತ ಒಳ್ಳೆಯ ಆಳು ಬೇಕೆ?

ಸಂಜೆ ಗಂಡನ ಹತ್ತಿರ ಹೇಳಿದೆ.

"ನಿಮ್ಮ ತಂಗಿ ಏನೋ ಮಾಡ್ತಿದ್ದಾಳೆ ರೀ."

"ಏನು ಮಾಡ್ತಿದ್ದಾಳೆ?"

"ಅದೇ ಗೊತ್ತಿಲ್ಲ. ತಕ್ಕಡಿ ಕದ್ದು ತಗೊಂಡು ಹೋಗ್ತಾಳೆ. ಫೋನಲ್ಲಿ ಗುಸುಗುಸು ಅಂತಾಳೆ."

ಅವನು ಇಸ್ತ್ರಿ ಮಾಡುವುದನ್ನು ನಿಲ್ಲಿಸಿ ನಕ್ಕ. "ತಕ್ಕಡಿ ಕದಿಯೋ ಕಳ್ಳಿ! ಲೇ, ಮನೆಗೆ ಬಂದ ಮೇಲಾದ್ರೂ ಆ ಚೆಕ್‌ಲಿಸ್ಟ್ ಕೆಳಗಿಡೇ. ನಾನೂ ಯಾವತ್ತೋ ಒಂದಿನ ವಾಪಸ್ ಹೋಗ್ಬೇಕಾಗತ್ತೆ ಅಂತ ಭಯ ನನಗೆ."

ನಗಲಿಲ್ಲ ನಾನು. ಅಷ್ಟರಲ್ಲಿ ನಾದಿನಿಯ ಮಗಳು ನೀರು ಕುಡಿಯಲು ಬಂದವಳು, "ಅತ್ತೆ, ಅಮ್ಮ ಬಕೆಟ್ಟಲ್ಲಿ ಹೊಗೆ ಬರೋ ಹಾಗೆ ಮಾಡ್ತಾಳೆ, ನೋಡಿದ್ದೀರಾ?" ಅಂದಳು. "ಯಾರಿಗೂ ಹೇಳ್ಬೇಡ ಅಂದಿದ್ದಾಳೆ" ಎಂದು ಸೇರಿಸಿ, ಲೋಟ ಕವುಚಿಟ್ಟು ಹೋದಳು.

ಈಗ ಗಂಡನೂ ನಗಲಿಲ್ಲ.

ಹೊಗೆ ಅಂದರೆ ಡ್ರೈ ಐಸ್ ಎಂದು ನನಗೆ ತಕ್ಷಣ ಹೊಳೆಯಿತು. ಲ್ಯಾಬಿನ ಡ್ರೈ ಐಸನ್ನು ಮನೆಗೆ ತರುತ್ತಿದ್ದಾಳೆ ಅಂದರೆ ಪೆಟ್ಟಿಗೆಯಲ್ಲಿ ಅಷ್ಟು ಕಡಿಮೆ ಹಾಕುತ್ತಿದ್ದಾಳೆ. ಖಾಲಿಯಾದ ಜಾಗದಲ್ಲಿ ಬೇರೆ ಏನೋ ಹೋಗಬೇಕು. ತೂಕ ಸರಿದೂಗಿಸಲು ತಕ್ಕಡಿ. ಎಲ್ಲ ಒಂದಕ್ಕೊಂದು ಹೊಂದಿಕೊಂಡು ಕೂತವು. ಎಷ್ಟು ಚೆನ್ನಾಗಿ ಹೊಂದಿಕೊಂಡವು ಅಂದರೆ, ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದು ಮಾತು ಕೇಳಬಹುದಿತ್ತು ಎಂಬುದೇ ನನಗೆ ತೋಚಲಿಲ್ಲ.

ಸೋಮವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಅವಳು ಪೆಟ್ಟಿಗೆ ಸಮೇತ ಬಂದಳು. ಈ ಸಲ ಲ್ಯಾಬಿನ ವ್ಯಾನಿನವನ ಕೈಗೆ ಕೊಟ್ಟು ಕಳಿಸಿರಲಿಲ್ಲ. ತಾನೇ ತಂದು, ಕೌಂಟರಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಮೇಡಮ್, ನಮ್ಮ ಪೆಟ್ಟಿಗೆ."

ಮನೆಯಲ್ಲಿ ಅತ್ತಿಗೆ, ಇಲ್ಲಿ ಮೇಡಮ್. ಆ ಮೇಡಮ್ಮನ್ನು ಅವಳು ಒತ್ತಿ ಹೇಳಿದ ರೀತಿಗೆ ಹಿಂದೆ ನಿಂತಿದ್ದ ಫೋರ್ಕ್‌ಲಿಫ್ಟಿನವನು ಮೀಸೆಯಡಿ ನಕ್ಕ.

ಚೆಕ್‌ಲಿಸ್ಟು ತೆಗೆದುಕೊಂಡೆ. ಡ್ರೈ ಐಸ್ ಎಂಬ ಹೆಸರು ಇದೆ. ಅಪಾಯದ ವಸ್ತುಗಳ ಪಟ್ಟಿಯಲ್ಲಿ ಅದಕ್ಕಿರುವ ಸಂಖ್ಯೆ ಇದೆ. ಐದು ಕಿಲೋ ಎಂದು ಪೆಟ್ಟಿಗೆಯ ಮೇಲೂ ಇದೆ, ಕಾಗದದಲ್ಲೂ ಇದೆ. ಕಪ್ಪು ಪಟ್ಟೆಗಳ ಚೀಟಿ ಒಂದೇ ಮುಖದ ಮೇಲೆ, ಸ್ಕೇಲು ಹಿಡಿದು ಅಂಟಿಸಿದಷ್ಟು ನೇರ. ಕಳಿಸುವವರ ವಿಳಾಸ, ಪಡೆಯುವವರ ವಿಳಾಸ. ಟೇಪಿನಲ್ಲಿ ಒಂದು ಸುಕ್ಕಿಲ್ಲ. ಹದಿನಾಲ್ಕು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಪೆಟ್ಟಿಗೆ ನಾನು ನೋಡಿರಲಿಲ್ಲ. ಅದೇ ನನಗೆ ಹಿಡಿಸಲಿಲ್ಲ.

ತಕ್ಕಡಿಗೆ ಹಾಕಿದೆ. ಹನ್ನೊಂದು ಕಿಲೋ ನಾನೂರು ಗ್ರಾಂ.

ಕಾಗದದಲ್ಲಿ ಎಷ್ಟಿತ್ತೋ ಅಷ್ಟೇ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಎಷ್ಟು ಹೊತ್ತಿಗೆ ಕಟ್ಟಿದ್ದು?"

"ಚೀಟಿ ಮೇಲೆ ಇದೆಯಲ್ಲ. ಹನ್ನೆರಡೂವರೆಗೆ."

ಹೊರಗೆ ಸುಡು ಬಿಸಿಲು. ಕಟ್ಟಿ ಎರಡು ತಾಸಾಗುತ್ತ ಬಂದಿದೆ. ಐದು ಕಿಲೋ ಡ್ರೈ ಐಸು ಕಡೇ ಪಕ್ಷ ನೂರಿನ್ನೂರು ಗ್ರಾಂ ಹಾರಿಹೋಗಿರಬೇಕು. ಪೆಟ್ಟಿಗೆ ಇಳಿಸಿ ಮತ್ತೆ ಇಟ್ಟೆ. ಅದೇ ಅಂಕಿ. ಒಳಗಿರುವುದು ಡ್ರೈ ಐಸ್ ಅಲ್ಲವೇ ಅಲ್ಲ ಅನ್ನಿಸಿತು. ಕಲ್ಲು ಕರಗುವುದಿಲ್ಲ, ಕಬ್ಬಿಣ ಕರಗುವುದಿಲ್ಲ.

"ಒಳಗೇನಿದೆ?" ಎಂದು ಕೇಳಿದೆ.

"ಕಾಗದದಲ್ಲಿ ಏನಿದೆಯೋ ಅದೇ."

"ಅಷ್ಟೇನಾ?"

"ಅಷ್ಟೇನಾ ಅಂದ್ರೆ?" ಅವಳ ಸ್ವರ ಏರಿತು. "ಏನು ಕೇಳ್ತಿದ್ದೀರಿ ಅತ್ತಿಗೆ? ನೇರವಾಗಿ ಕೇಳಿ."

"ತೂಕ ಯಾಕೆ ಕಮ್ಮಿಯಾಗಿಲ್ಲ?"

ಅವಳು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಮುಂದೆ ಇದೆ. "ಅಲ್ಲ, ಮೊನ್ನೆ ತೂಕ ಕಮ್ಮಿ ಬಂತು ಅಂತ ವಾಪಸ್ ಕಳ್ಸಿದ್ರಿ. ಇವತ್ತು ಸರಿಯಾಗಿದೆ ಅಂತ ಅನುಮಾನನಾ? ಹೇಗಿದ್ರೆ ತಗೋತೀರಿ ನೀವು? ಹೇಳಿಬಿಡಿ. ನಾನು ಆ ಕೆಲಸ ಕಳ್ಕೊಂಡು ನಿಮ್ಮ ಹಾಲಲ್ಲೇ ಬಿದ್ದಿರ್ಬೇಕು ಅಂತ ಇದ್ರೆ ಅದನ್ನಾದ್ರೂ ಹೇಳಿ!"

ಪಕ್ಕದ ಕೌಂಟರಿನಲ್ಲಿ ಸ್ಟಾಂಪು ಬಡಿಯುವ ಸದ್ದು ನಿಂತಿತು. ಗಡಿಯಾರ ತಮ್ಮ ಗಾಜಿನ ಕೋಣೆಯಿಂದ ಎದ್ದು ಹೊರಗೆ ಬಂದರು. ಮೊದಲು ಕೈ ನೋಡಿಕೊಂಡರು, ಆಮೇಲೆ ನನ್ನನ್ನು. "ನಾಲ್ಕಕ್ಕೆ ಬಾಗಿಲು ಹಾಕ್ತೀವಿ. ಏನು ಸಮಾಚಾರ?"

"ಒಂದು ನಿಮಿಷ ಸರ್."

ಪೆಟ್ಟಿಗೆಯನ್ನು ಮೇಜಿಗೆ ತಂದೆ. ಡ್ರೈ ಐಸಿನ ಪೆಟ್ಟಿಗೆಯಾದರೆ ಸಂದಿಗೆ ಅಂಗೈ ಹಿಡಿದಾಗ ಸಣ್ಣಗೆ ತಣ್ಣನೆಯ ಉಸಿರು ತಾಗುತ್ತದೆ. ಹಿಡಿದೆ. ಏನೂ ತಾಗಲಿಲ್ಲ. ಇನ್ನೊಂದು ಸಂದಿಗೆ ಹಿಡಿದೆ, ಅಲ್ಲೂ ಇಲ್ಲ. ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಪೊಲೀಸರಿಗೆ ಹೇಳಬೇಕಾಗುತ್ತದೋ ಏನೋ, ಗಂಡನಿಗೆ ಏನು ಹೇಳಲಿ, ಆ ಹುಡುಗಿಯನ್ನು ಸ್ಕೂಲಿನಿಂದ ಯಾರು ಕರೆತರುತ್ತಾರೆ, ಎಲ್ಲ ಒಂದರ ಮೇಲೊಂದು ತಲೆಯೊಳಗೆ ನುಗ್ಗಿದವು.

ಆಗ ಫೋರ್ಕ್‌ಲಿಫ್ಟಿನವನು ಕತ್ತು ಓರೆ ಮಾಡಿ ನೋಡುತ್ತಾ ಅಂದ: "ಅಕ್ಕಾ, ಈ ಪೆಟ್ಟಿಗೆ ಸ್ವಲ್ಪ ಜಾಸ್ತಿ ಊಟ ಮಾಡಿದ ಹಾಗಿದೆ ನೋಡಿ."

ನೋಡಿದೆ. ಪೆಟ್ಟಿಗೆ ಮೇಜಿನ ಮೇಲೆ ಚಪ್ಪಟೆಯಾಗಿ ಕೂತಿರಲಿಲ್ಲ. ಬೆರಳಿನಿಂದ ಮುಟ್ಟಿದರೆ ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತಿತ್ತು. ತಳ ಉಬ್ಬಿತ್ತು. ನಾಲ್ಕೂ ಬದಿಗಳು ಹೊರಗೆ ಬಾಗಿದ್ದವು. ಬಂದಾಗ ನೇರವಾಗಿದ್ದ ಚೀಟಿಯ ನಡುವೆ ಈಗ ಬಿಗಿತ ಕಾಣುತ್ತಿತ್ತು. ಕಲ್ಲು ಉಬ್ಬುವುದಿಲ್ಲ. ಕಬ್ಬಿಣವೂ ಉಬ್ಬುವುದಿಲ್ಲ.

ಒಳಗಿದ್ದದ್ದು ಡ್ರೈ ಐಸೇ. ಅದು ಗಾಳಿಯಾಗುತ್ತಲೇ ಇತ್ತು. ಆದರೆ ಆ ಗಾಳಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

"ನೀನು ಇದನ್ನ ಗಾಳಿ ಆಡದ ಹಾಗೆ ಮುಚ್ಚಿದ್ದೀಯಾ?"

ಅವಳ ಮುಖದಲ್ಲಿ ಮೊದಲ ಸಲ ಗಾಬರಿಗಿಂತ ಮುಂಚೆ ಒಂದು ಸಣ್ಣ ಹೆಮ್ಮೆ ಹಾದುಹೋಯಿತು. ಕೊನೆಗೂ ಯಾರೋ ಗಮನಿಸಿದರು ಅನ್ನುವ ಹಾಗೆ. "ಹೂಂ," ಅಂದಳು. "ಮೂರು ಸುತ್ತು."

"ಎಲ್ಲರೂ ಹಿಂದೆ ಸರೀರಿ," ಎಂದು ನಾನು ಕೂಗಿದ್ದು ಶೆಡ್ಡಿನ ಆ ಕೊನೆಗೂ ಕೇಳಿಸಿತಂತೆ.

ಹಿಂದಿನ ಅಂಗಳದಲ್ಲಿ, ಗೋಡೆಯಿಂದ ದೂರ, ಇಂಥವಕ್ಕೇ ಬಿಟ್ಟಿರುವ ಹಳದಿ ಗೆರೆಯ ಚೌಕವಿದೆ. ಪೆಟ್ಟಿಗೆಯನ್ನು ತಳ್ಳುಗಾಡಿಯಲ್ಲಿಟ್ಟು, ಮೆಲ್ಲಗೆ, ನಿದ್ದೆಹೋದ ಕೂಸನ್ನು ಒಯ್ಯುವ ಹಾಗೆ ಅಲ್ಲಿಗೆ ಒಯ್ದೆವು. ಅವಳಿಗೆ ಕನ್ನಡಕ, ದಪ್ಪ ಕೈಗವಸು ಹಾಕಿಸಿದೆ. ಪೆಟ್ಟಿಗೆ ಬಿಚ್ಚುವುದು ಕಳಿಸಿದವರ ಕೆಲಸ, ಅದು ನಿಯಮ. ಆದರೂ ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಅದು ನಿಯಮದಲ್ಲಿಲ್ಲ.

"ರಟ್ಟಿನ ಟೇಪು ಮಾತ್ರ ಕುಯ್ಯಿ. ಮೆಲ್ಲಗೆ."

ರಟ್ಟು ತೆರೆದುಕೊಂಡ ಕೂಡಲೇ ಒಳಗಿನ ಪ್ಲಾಸ್ಟಿಕ್ ಚೀಲ ದಿಂಬಿನ ಹಾಗೆ ಮೇಲೆದ್ದು ಬಂತು. ರಸಗೊಬ್ಬರದ ಚೀಲಕ್ಕಿಂತ ದಪ್ಪದ ಪ್ಲಾಸ್ಟಿಕ್ಕು. ಬಾಯಿಯನ್ನು ಬಿಸಿ ಮಾಡಿ ಅಂಟಿಸಿದ್ದಳು. ಅದರೊಳಗೆ ಥರ್ಮೋಕೋಲ್ ಪೆಟ್ಟಿಗೆ, ಅದರ ಮುಚ್ಚಳದ ಸುತ್ತ ಅಗಲ ಟೇಪು ಮೂರು ಸುತ್ತು.

"ಮೂಲೇಲಿ ಒಂದು ಸಣ್ಣ ತೂತು ಮಾಡು. ಮುಖ ಆಚೆ ತಿರುಗಿಸ್ಕೋ."

ಚಾಕುವಿನ ತುದಿ ತಾಗಿದ್ದೇ ತಡ, ಚೀಲ ಬುಸ್ಸೆಂದಿತು. ಒಂದೇ ಸಮನೆ, ನಿಲ್ಲದೆ, ಕೋಪ ತಡೆದುಕೊಂಡವರು ಕೊನೆಗೂ ಉಸಿರು ಬಿಟ್ಟ ಹಾಗೆ. ಫೋರ್ಕ್‌ಲಿಫ್ಟಿನವನು ಗಾಡಿಯ ಹಿಂದೆ ಅಡಗಿದ. ನಾವಿಬ್ಬರೂ ಅಲುಗಾಡದೆ ಕೂತಿದ್ದೆವು. ಇದು ವಿಮಾನದ ಹೊಟ್ಟೆಯಲ್ಲಿ, ಇನ್ನೂರು ಜನರ ಕಾಲ ಕೆಳಗೆ, ಮೇಲೇರಿದಷ್ಟೂ ಉಬ್ಬುತ್ತಾ ಹೋಗುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಅವಳಿಗೆ ಆ ಸದ್ದಿನಲ್ಲೇ ಗೊತ್ತಾಯಿತು.

ಸದ್ದು ನಿಂತ ಮೇಲೆ ಅವಳು ಕನ್ನಡಕ ತೆಗೆಯದೆ ಹೇಳಿದಳು: "ಸೋರ್ಬಾರ್ದು ಅಂತ ಎಷ್ಟು ಒದ್ದಾಡಿದೆ ಗೊತ್ತಾ ಅತ್ತಿಗೆ? ತೂಕ ಕಮ್ಮಿಯಾದ್ರೆ ನೀವು ತಗೊಳ್ಳಲ್ಲ. ಕಮ್ಮಿಯಾಗ್ಬಾರ್ದು ಅಂದ್ರೆ ಅದು ಹೊರಗೆ ಹೋಗ್ಬಾರ್ದು. ಅಷ್ಟೇ ಹೊಳೆದಿದ್ದು ನನಗೆ. ಮನೇಲಿ ಚೂರು ಚೂರು ತಂದು ಹಾಕಿ ನೋಡ್ದೆ. ಗಂಟೆಗೊಂದ್ಸಲ ತೂಗಿ ನೋಡ್ದೆ."

"ನನ್ನ ತಕ್ಕಡೀಲಿ."

"ನಿಮ್ಮ ತಕ್ಕಡೀಲೇ."

"ಸ್ಟೀಲ್ ಡಬ್ಬಿ?"

ತಲೆ ತಗ್ಗಿಸಿದಳು. "ಮುಚ್ಚಳ ಹಾರಿ ಬಾಲ್ಕನಿ ಗೋಡೆಗೆ ಬಡೀತು. ಅವತ್ತೇ ಬುದ್ಧಿ ಬರ್ಬೇಕಿತ್ತು. ನಾನು, ಈ ಡಬ್ಬಿ ಗಟ್ಟಿ ಇಲ್ಲ, ಇನ್ನೂ ಗಟ್ಟಿಯಾದ್ದು ಬೇಕು ಅಂದ್ಕೊಂಡೆ."

ನಗು ಬಂತು.

"ಕೇಳ್ಬಾರ್ದಿತ್ತಾ ನನ್ನ? ಒಂದೇ ಮನೇಲಿದ್ದೀವಿ."

"ನಿಮ್ಮನ್ನಾ?" ಅವಳು ಕನ್ನಡಕ ಹಣೆಗೇರಿಸಿದಳು. "ನೀವು ನಾನು ಉಪ್ಪು ತಗೊಂಡ್ರೂ ಡಬ್ಬಿ ಮುಚ್ಚಿದ್ದೀನಾ ಅಂತ ಹಿಂದೇನೇ ಬಂದು ನೋಡ್ತೀರಿ. ಕೇಳಿದ್ರೆ, ಇವಳಿಗೆ ಇದೂ ಗೊತ್ತಿಲ್ಲ ಅಂತ ಡಾಕ್ಟರಮ್ಮಂಗೆ ಹೇಳ್ತೀರೇನೋ ಅಂದ್ಕೊಂಡೆ. ಈಗ ನೀವೇ ಹೇಳಿ, ನನ್ನ ಪೆಟ್ಟಿಗೇಲಿ ಏನಿದೆ ಅಂದ್ಕೊಂಡಿದ್ರಿ?"

ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಾಯಿತು. ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು.

ಸಮಯ ಮೂರಾಗಿತ್ತು. ಮಾದರಿಗಳು ಇನ್ನೂ ಕೊರೆಯುವಷ್ಟು ತಣ್ಣಗೇ ಇದ್ದವು. ವ್ಯಾನಿನಿಂದ ಹೊಸ ರಟ್ಟಿನ ಪೆಟ್ಟಿಗೆ ತರಿಸಿದಳು. ಈ ಸಲ ಚೀಲವಿಲ್ಲ, ಥರ್ಮೋಕೋಲ್ ಮುಚ್ಚಳದ ಸಂದಿಗೆ ಟೇಪಿಲ್ಲ. ಉಳಿದ ಐಸನ್ನು ತೂಗಿ ಹೊಸ ಅಂಕಿ ಬರೆದಳು. ಪ್ರತಿಯೊಂದನ್ನೂ ಮಾಡುವ ಮುಂಚೆ ಕತ್ತೆತ್ತಿ ನನ್ನನ್ನು ನೋಡುತ್ತಿದ್ದಳು. ನಾನು ತಿದ್ದುವ ಹಾಗಿಲ್ಲವಾದ್ದರಿಂದ ಕಣ್ಣು ಮುಚ್ಚಿ ತೆರೆಯುತ್ತಿದ್ದೆ, ಅಷ್ಟೆ. ಮೂರೂ ನಲವತ್ತಕ್ಕೆ ಹೊಸ ಚೆಕ್‌ಲಿಸ್ಟಿನಲ್ಲಿ ಒಂದೂ 'ಇಲ್ಲ' ಬೀಳದೆ ಪೆಟ್ಟಿಗೆ ಒಳಗೆ ಹೋಯಿತು. ಅಂಗೈ ಹಿಡಿದೆ. ಸಂದಿಯಲ್ಲಿ ತಣ್ಣನೆ ಉಸಿರಾಡುತ್ತಿತ್ತು.

ಆದರೆ ಹಳೆಯ ಚೆಕ್‌ಲಿಸ್ಟು ಮೇಜಿನ ಮೇಲೆಯೇ ಇತ್ತು. ಒಮ್ಮೆ ತಿರಸ್ಕರಿಸಿದ್ದನ್ನು ಹರಿದು ಬಿಸಾಡುವಂತಿಲ್ಲ. ಅದೂ ಕಡತಕ್ಕೆ ಹೋಗಬೇಕು, ಒಂದು ಪ್ರತಿ ಲ್ಯಾಬಿಗೂ ಹೋಗಬೇಕು. ಎರಡನೇ ತಿರಸ್ಕಾರ. ಕೌಂಟರಿನ ಆಚೆ ಅವಳು ಅದನ್ನೇ ನೋಡುತ್ತಾ ನಿಂತಿದ್ದಳು. ಬಿಟ್ಟುಬಿಡಿ ಎಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

'ಅನಿಲ ಹೊರಹೋಗಲು ದಾರಿ ಇದೆಯೇ' ಎಂಬ ಸಾಲಿಗೆ 'ಇಲ್ಲ' ಎಂದು ಗುರುತು ಹಾಕಿದೆ. ಆಮೇಲೆ ಹೋದ ವಾರದ ಕಡತ ತೆಗೆದು, ಮೊದಲ ತಿರಸ್ಕಾರದ ಪ್ರತಿಗೆ ಒಂದು ಬಿಳಿ ಹಾಳೆ ಸೇರಿಸಿ ಬರೆಯತೊಡಗಿದೆ. ಗಡಿಯಾರ ನನ್ನ ಭುಜದ ಮೇಲಿಂದ ಓದಿದರು.

"ಇದೇನ್ರೀ?"

"ಮೊದಲನೇದು ವಾಪಸ್ ಕಳಿಸೋ ಹಾಗಿರ್ಲಿಲ್ಲ ಸರ್. ತೂಕ ತಿದ್ದಿಸಿ ತಗೋಬೇಕಿತ್ತು. ಸಂಬಂಧಿ ಅಂತ ನಾನು ಇಲ್ಲದ ನಿಯಮ ಮಾಡ್ದೆ. ಅದಕ್ಕೇ ಇದು ಹೀಗಾಗಿದ್ದು. ಬರೀತಿದ್ದೀನಿ."

"ಇದು ನಿಮ್ಮ ಫೈಲಿಗೆ ಹೋಗತ್ತೆ, ಗೊತ್ತಲ್ಲ? ಮರುತರಬೇತಿ ಮುಗಿಸೋವರೆಗೂ ಲೈಸೆನ್ಸ್ ಇರಲ್ಲ." ಕೈ ನೋಡಿಕೊಂಡರು, ಈ ಸಲ ಸಮಯಕ್ಕಾಗಿ ಅಲ್ಲ. "ಅವರಿಗೋಸ್ಕರ ಬರೀತಿದ್ದೀರಿ ಅಂತ ನಾಳೆ ಯಾರಾದ್ರೂ ಹೇಳಿದ್ರೆ?"

"ಅವಳ ತಪ್ಪೂ ಅಲ್ಲೇ ಬರೆದಿದೆ ಸರ್. ಎರಡೂ ಓದ್ಲಿ."

"ಎಲ್ಲರೂ ನೋಡ್ತಿರ್ತಾರೆ ಅಂತ ನಾನೇ ಹೇಳಿದ್ದು," ಎಂದು ಅವರು ಗೊಣಗಿದರು. ಅದನ್ನೂ ಬರೆಯಲೇ ಎಂದು ಕೇಳಿದೆ. ಬೇಡ ಅನ್ನುವ ಹಾಗೆ ಕೈಯಾಡಿಸಿ ಗಾಜಿನ ಕೋಣೆಗೆ ಹೋದರು.

ಬಸ್ಸಿನಲ್ಲಿ ಜೊತೆಗೇ ಮನೆಗೆ ಹೊರಟೆವು. ಮೂರು ಸ್ಟಾಪು ದಾಟಿದ ಮೇಲೆ ಅವಳು ಕಿಟಕಿಯ ಕಡೆಗೇ ನೋಡುತ್ತಾ ಕೇಳಿದಳು: "ನಿಜ ಹೇಳಿ, ಅದನ್ನ ಯಾಕೆ ಬರೆದ್ರಿ? ನಾನು ಬೇಗ ಮನೆ ಖಾಲಿ ಮಾಡ್ಲಿ ಅಂತಾನಾ?"

"ಅದೂ ಒಂದು," ಅಂದೆ.

ಅವಳು ತಿರುಗಿ ನೋಡಿದಳು. ಸುಳ್ಳು ಹೇಳಿದ್ದರೆ ನಂಬುತ್ತಿರಲಿಲ್ಲ. ನಿಜ ಹೇಳಿದ್ದಕ್ಕೆ ಒಂದು ಥರ ಸಮಾಧಾನವಾದ ಹಾಗೆ ಕಂಡಿತು.

ಡಾಕ್ಟರಮ್ಮ ಎರಡೂ ಹಾಳೆಗಳನ್ನು ಓದಿ, ಮಾರನೇ ದಿನ ಇಬ್ಬರನ್ನೂ ಫೋನಿನಲ್ಲಿ ತರಾಟೆಗೆ ತೆಗೆದುಕೊಂಡರು. ಒಂದು ಮಧ್ಯಾಹ್ನದ ಬಾಯಿಮಾತಿನಲ್ಲಿ ಕಲಿಸಿ ಪೆಟ್ಟಿಗೆ ಕಟ್ಟಿಸಿದ ತಮ್ಮನ್ನೂ ಸ್ವಲ್ಪ ಬೈದುಕೊಂಡರು. ಕೊನೆಗೆ ತೀರ್ಪು: ಲ್ಯಾಬಿನ ಕಡೆಯಿಂದ ಮೂರು ದಿನದ ತರಬೇತಿ, ಕೊನೆಯಲ್ಲಿ ಪರೀಕ್ಷೆ. ನೂರಕ್ಕೆ ಎಂಬತ್ತು ಬಂದರೆ ಕೆಲಸ, ಕೋಣೆ. ಎಪ್ಪತ್ತೊಂಬತ್ತಾದರೆ ಇಲ್ಲ.

ನನ್ನ ಮರುತರಬೇತಿಯೂ ಅದೇ ಮೂರು ದಿನ, ಅದೇ ಕ್ಲಾಸು. ಇಬ್ಬರಿಗೂ ಒಂದೇ ಬೆಂಚು. ಮನೆಯಲ್ಲಿ ಊಟದ ಮೇಜಿನ ಮೇಲೆ ಮಕ್ಕಳ ಪುಸ್ತಕ ಸರಿಸಿ ನಮ್ಮ ಪುಸ್ತಕ ಹರಡಿಕೊಂಡೆವು. ಒಂಬತ್ತು ವರ್ಗದ ಅಪಾಯಗಳನ್ನು ನನ್ನ ಮಗನೇ ನಮಗೆ ಒಪ್ಪಿಸಲು ಹೇಳಿದ; ತಪ್ಪಿದಾಗ "ಮತ್ತೆ ಓದ್ಕೊಂಡು ಬನ್ನಿ" ಎಂದು ಪುಸ್ತಕ ಮುಚ್ಚಿದ. ನನ್ನ ಸ್ವರದಲ್ಲೇ.

ಪರೀಕ್ಷೆಯ ದಿನ ಮೂವತ್ತೊಂದನೇ ಪ್ರಶ್ನೆಗೆ ನಾನು ತಡವರಿಸಿದೆ. ಕಣ್ಣು ತಾನಾಗಿಯೇ ಪಕ್ಕಕ್ಕೆ ಸರಿಯಿತು. ಅವಳು ತಕ್ಷಣ ಮೊಣಕೈ ಅಡ್ಡ ಇಟ್ಟು ತನ್ನ ಹಾಳೆ ಮುಚ್ಚಿಕೊಂಡಳು. "ಮೇಡಮ್," ಅಂದಳು ಪಿಸುದನಿಯಲ್ಲಿ, "ನಿಮ್ಮದು ನೀವು ಬರೀರಿ."

ನಾನು ಮುಂದೆ ನೋಡಿದೆ. ಮೊಣಕೈ ಬೀಳುವ ಮುಂಚೆ ಅವಳ ಇಪ್ಪತ್ತೆಂಟನೇ ಉತ್ತರ ನನ್ನ ಕಣ್ಣಿಗೆ ಬಿದ್ದುಹೋಗಿತ್ತು. ತಪ್ಪಿತ್ತು. ಪೆನ್ನು ಕೈಯಲ್ಲಿ ಹಿಡಿದು, ಗಂಟೆ ಹೊಡೆಯುವ ತನಕ ಬಾಯಿ ಬಿಗಿಹಿಡಿದು ಕೂತೆ. ಮನಸ್ಸಿನಲ್ಲೇ ಒಂದೊಂದೇ ಅಂಕ ಎಣಿಸುತ್ತಿದ್ದೆ. ನನ್ನ ಅಂಕವಲ್ಲ.

ಫಲಿತಾಂಶ ಅಲ್ಲೇ ಅರ್ಧ ಗಂಟೆಯಲ್ಲಿ ಕೊಟ್ಟರು. ಅವಳಿಗೆ ಎಂಬತ್ತೆರಡು. ನಾನು ಬಾಗಿಲ ಬಳಿ ನಿಂತು "ಬಾ, ಬಸ್ಸಿಗೆ ಹೊತ್ತಾಯ್ತು" ಎಂದು ಕರೆದೆ. ಅವಳು ಬರಲಿಲ್ಲ. ಮೇಷ್ಟ್ರ ಮೇಜಿಗೆ ಒರಗಿ, ಉತ್ತರದ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಿದ್ದಳು.

"ಪಾಸಾಗಿದ್ದೀಯಲ್ಲಮ್ಮ," ಅಂದರು ಮೇಷ್ಟ್ರು.

"ಆಗಿದ್ದೀನಿ ಸರ್," ಅಂದಳು ಕತ್ತೆತ್ತದೆ. "ನೀವು ಸರಿಯಾಗಿ ನೋಡಿದ್ದೀರಾ ಅಂತ ನೋಡ್ತಿದ್ದೀನಿ."